ಅಹವಾಲು ಕೇಳುವವರ ಕುರ್ಚಿ



ಊರು ಬಿಟ್ಟು ಊರಿಗೆ ಬಂದವರಿಗೆ ರೇಷನ್ ಕಾರ್ಡಿನ ಬೆಲೆ ಚೆನ್ನಾಗಿ ಗೊತ್ತು. ನೀವು ಮುಂಬಯಿಯಲ್ಲಿರಿ, ಪುಣೆಯಲ್ಲಿರಿ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಿ. ಒಂದು ದಿನ ಅಂಗಡಿಯವರು "ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲವಲ್ಲ" ಎಂದುಬಿಟ್ಟರೆ ಏನು ಮಾಡುತ್ತೀರಿ? ಹೆಸರು ತೆಗೆದವರು ಯಾರು? ಏಕೆ ತೆಗೆದರು? ಯಾರ ಮುಂದೆ ಹೋಗಿ ಹೇಳಿಕೊಳ್ಳಬೇಕು? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ತೆಗೆಯುವ ಮೊದಲು ನಿಮ್ಮನ್ನು ಒಂದು ಮಾತು ಕೇಳಬೇಕಿತ್ತೋ ಇಲ್ಲವೋ?

ಈ ಪ್ರಶ್ನೆಯನ್ನು ಹಿಡಿದು ಹಟದಿಂದ ಹೋರಾಡಿದ ದೇಶಗಳಲ್ಲಿ ಅಮೆರಿಕವೂ ಒಂದು. ಅಲ್ಲಿ 'ಹಿಯರಿಂಗ್ ಆಫೀಸರ್' ಎಂಬ ಒಂದು ಹುದ್ದೆ ಇದೆ. ವಿಚಾರಣಾಧಿಕಾರಿ ಎನ್ನೋಣ. ಸರ್ಕಾರದ ಸವಲತ್ತು ನಿಂತುಹೋದವರು, ಅರ್ಜಿ ತಿರಸ್ಕೃತವಾದವರು ಮೇಲ್ಮನವಿ ಹಾಕಿದರೆ ಅದನ್ನು ಕೇಳಿ ತೀರ್ಮಾನ ಹೇಳುವವರು ಇವರೇ. ಕಪ್ಪು ಗೌನಿಲ್ಲ, ಎತ್ತರದ ಪೀಠವಿಲ್ಲ. ಒಂದು ಮೇಜು, ಮಾತು ದಾಖಲಿಸುವ ಯಂತ್ರ, ಒಂದು ಕಡತ. ಮೇಜಿನ ಒಂದು ಕಡೆ ಇಲಾಖೆಯ ಪ್ರತಿನಿಧಿ, ಇನ್ನೊಂದು ಕಡೆ ತಿಂಗಳ ಊಟದ ಹಣ ನಿಂತುಹೋದ ಒಬ್ಬ ತಾಯಿ. ಸಿನಿಮಾಗಳಲ್ಲಿ ಈ ಕೋಣೆ ಅಪರೂಪ. ಆದರೆ ಬಡವರ ಮಟ್ಟಿಗೆ ಅದೇ ಹೈಕೋರ್ಟು, ಅದೇ ಸುಪ್ರೀಂ ಕೋರ್ಟು. ಈ ಸಂಚಿಕೆಯಲ್ಲಿ ಆ ಕುರ್ಚಿಯ ಇತಿಹಾಸ ನೋಡೋಣ ಬನ್ನಿ.

ಒಂದೇ ಸೂರಿನ ಕೆಳಗೆ

1929ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಲಕ್ಷಾಂತರ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ವೃದ್ಧರಿಗೆ, ಅಂಧರಿಗೆ, ದುಡಿಯುವ ತಂದೆಯ ಆಸರೆಯಿಲ್ಲದ ಮಕ್ಕಳಿಗೆ ರಾಜ್ಯಗಳು ನೆರವು ಕೊಡಬೇಕು, ಖರ್ಚಿನಲ್ಲಿ ಕೇಂದ್ರವೂ ಪಾಲು ಕೊಡುತ್ತದೆ ಎಂಬುದು ಅದರ ಒಂದು ಭಾಗ. ಆ ಹಣ ಬೇಕಾದರೆ ರಾಜ್ಯಗಳು ಕೆಲವು ಷರತ್ತುಗಳನ್ನು ಒಪ್ಪಬೇಕಿತ್ತು. ಅವುಗಳಲ್ಲಿ ಒಂದು, ನೆರವು ನಿರಾಕರಿಸಲಾದ ವ್ಯಕ್ತಿಗೆ ರಾಜ್ಯದ ಇಲಾಖೆಯ ಮುಂದೆ ನ್ಯಾಯಯುತ ವಿಚಾರಣೆಯ ಅವಕಾಶ ಕೊಡಬೇಕು ಎಂಬುದು.

ಸಣ್ಣ ಷರತ್ತು, ಆದರೆ ದೊಡ್ಡ ಮಾತು. ಅದುವರೆಗೆ ಬಡವರಿಗೆ ಸಿಗುತ್ತಿದ್ದದ್ದು ಧರ್ಮ, ದಾನ. ದಾನಿಯನ್ನು 'ಏಕೆ ಕೊಡಲಿಲ್ಲ' ಎಂದು ಕೇಳುವ ಹಾಗಿಲ್ಲ. ಈಗ ಕೇಳಬಹುದು ಎಂದು ಕಾನೂನೇ ಹೇಳಿತು. ಆದರೆ ಇನ್ನೊಂದನ್ನು ಗಮನಿಸಿ. ವಿಚಾರಣೆ ನಡೆಯಬೇಕಾದದ್ದು ಎಲ್ಲಿ? ಅದೇ ಇಲಾಖೆಯ ಮುಂದೆ. ಅಂದರೆ ಇಲ್ಲ ಎಂದ ಇಲಾಖೆಯ ಸೂರಿನ ಕೆಳಗೇ, ಅದು ಸರಿಯೋ ತಪ್ಪೋ ಎಂದು ಹೇಳುವವರಿಗೂ ಒಂದು ಕುರ್ಚಿ ಹಾಕಿದರು. ಮುಂದಿನ ಕಥೆಯೆಲ್ಲ ಈ ಕುರ್ಚಿಯ ಇಕ್ಕಟ್ಟಿನ ಕಥೆಯೇ.

ಬೆಳಗಿನ ಜಾವದ ಬಾಗಿಲು ಬಡಿತ

ಮೊದಲ ಮೂವತ್ತು ವರ್ಷ ಈ ಕುರ್ಚಿಯ ಹತ್ತಿರ ಬರುತ್ತಿದ್ದವರೇ ಕಡಿಮೆ. ಇಂಥ ಹಕ್ಕು ಇದೆ ಎಂದು ಹೇಳುವವರಿಲ್ಲ; ಗೊತ್ತಿದ್ದವರಿಗೆ ಭಯ. ಏಕೆಂದರೆ ಆಗಿನ ಪರಿಸ್ಥಿತಿ ಹೀಗಿತ್ತು: ತಾಯಿ ಮಕ್ಕಳಿಗೆಂದು ನೆರವು ಪಡೆಯುತ್ತಿದ್ದರೆ ಅವಳ ಮನೆಯಲ್ಲಿ ಗಂಡಸು ಇರಬಾರದು. ಇದ್ದಾನೆಯೇ ಎಂದು ಪತ್ತೆ ಮಾಡಲು ಇಲಾಖೆಯವರು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುತ್ತಿದ್ದರು. ಕ್ಯಾಲಿಫೋರ್ನಿಯಾದ ಅಲಮೇಡಾ ಕೌಂಟಿಯಲ್ಲಿ 1963ರ ಜನವರಿಯಲ್ಲಿ ಇಂಥದೊಂದು ಸಾಮೂಹಿಕ ದಾಳಿ ನಡೆಯಿತು. ಇಲಾಖೆಯ ಒಬ್ಬ ನೌಕರ ಬೆನ್ನಿ ಪ್ಯಾರಿಶ್ ಹೋಗುವುದಿಲ್ಲ ಎಂದರು. ಅವರು ಅಂಧರು. ಜನರ ಮನೆಯ ಮಾನ ಕಳೆಯುವ ಕೆಲಸ ತಮ್ಮದಲ್ಲ ಎಂಬುದು ಅವರ ನಿಲುವು. ಕೆಲಸದಿಂದ ತೆಗೆದರು. ಪ್ಯಾರಿಶ್ ಸುಮ್ಮನಾಗಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು.

ದಕ್ಷಿಣದ ಅಲಬಾಮಾ ರಾಜ್ಯದ ನಿಯಮ ಇನ್ನೂ ಕಠೋರ. ತಾಯಿಗೆ ಯಾವುದೇ ಗಂಡಸಿನ ಸಂಬಂಧವಿದ್ದರೆ ಅವನೇ ಮಕ್ಕಳ 'ಬದಲಿ ತಂದೆ'. ಅವನು ಒಂದು ಕಾಸು ಕೊಡದಿದ್ದರೂ ಸರಿ, ಅವನಿಗೇ ಬೇರೆ ಸಂಸಾರವಿದ್ದರೂ ಸರಿ, ಮಕ್ಕಳ ನೆರವು ಬಂದ್. 1964ರ ಜೂನ್‌ನಿಂದ 1967ರ ಜನವರಿಯವರೆಗಿನ ಅವಧಿಯಲ್ಲಿ ಆ ರಾಜ್ಯದಲ್ಲಿ ನೆರವು ಪಡೆಯುವ ಮಕ್ಕಳ ಸಂಖ್ಯೆ ಸುಮಾರು 16,000ದಷ್ಟು ಇಳಿಯಿತು. 1968ರಲ್ಲಿ ದೇಶದ ಸುಪ್ರೀಂ ಕೋರ್ಟು ಈ ನಿಯಮವನ್ನು ಒಮ್ಮತದಿಂದ ತಳ್ಳಿಹಾಕಿತು.

ನಿಯಮವೇನೋ ಬಿದ್ದಿತು. ಆದರೆ 'ಮೊದಲು ನಿಲ್ಲಿಸು, ಆಮೇಲೆ ಬೇಕಾದರೆ ಕೇಳು' ಎಂಬ ಪದ್ಧತಿ ಹಾಗೆಯೇ ಉಳಿಯಿತು.

ಜಾನ್ ಕೆಲ್ಲಿಯ ಮೊಕದ್ದಮೆ

ಅದನ್ನು ಅಲುಗಾಡಿಸಿದ್ದು ನ್ಯೂಯಾರ್ಕಿನ ಒಂದು ಮೊಕದ್ದಮೆ. ಜಾನ್ ಕೆಲ್ಲಿ ಎಂಬ ಯುವಕ 1966ರಲ್ಲಿ ವಾಹನ ಡಿಕ್ಕಿ ಹೊಡೆದು ದುಡಿಯಲಾರದ ಸ್ಥಿತಿಗೆ ಬಂದಿದ್ದ. ಡಿಕ್ಕಿ ಹೊಡೆದವನು ನಿಲ್ಲಿಸದೆ ಓಡಿಹೋಗಿದ್ದ. ಸರ್ಕಾರದ ನೆರವಿನ ಮೇಲೆ ಜೀವನ. ಅವನ ಮೇಲ್ವಿಚಾರಣೆಯ ಕೇಸ್‌ವರ್ಕರ್ ಇಂಥ ಹೋಟೆಲಿನಲ್ಲಿರು ಎಂದರು. ಅಲ್ಲಿ ಕುಡುಕರ, ಮಾದಕ ವ್ಯಸನಿಗಳ ಕಾಟ. ಹೆದರಿದ ಕೆಲ್ಲಿ ಗೆಳೆಯನ ಮನೆಗೆ ಹೋದ. ಹೇಳಿದ ಕಡೆ ಇರಲಿಲ್ಲ ಎಂದು ನೆರವು ನಿಂತಿತು. ಏಕೆ ಹೋದೆ ಎಂದು ಯಾರೂ ಕೇಳಲಿಲ್ಲ.

ಅವನ ಜೊತೆ ಇನ್ನೂ ಹಲವರು ಕೋರ್ಟಿಗೆ ಬಂದರು. ಒಬ್ಬ ತಾಯಿಯ ನೆರವು ನಿಂತದ್ದು ಬಿಟ್ಟುಹೋದ ಗಂಡ ಮನೆಗೆ ಬರುತ್ತಾನೆ ಎಂಬ ಆರೋಪದ ಮೇಲೆ. ಆಮೇಲೆ ನಡೆದ ವಿಚಾರಣೆಯಲ್ಲಿ ಅವಳೇ ಗೆದ್ದಳು. ಆದರೆ ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಬಾಡಿಗೆ ಕಟ್ಟಲಾಗದೆ ಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆ ಸೇರಿದ್ದಳು. ಇನ್ನೊಬ್ಬಳು ಇಲ್ಲದ ಉದ್ಯೋಗವನ್ನು ಮುಚ್ಚಿಟ್ಟಿದ್ದಾಳೆ ಎಂಬ ಆರೋಪ ಹೊತ್ತವಳು. ನೆರೆಯವರು ಕೊಟ್ಟ, ಕೆಟ್ಟುಹೋಗಿದ್ದ ಕೋಳಿ ಮಾಂಸ ತಿಂದು ಅವಳೂ ಮಕ್ಕಳೂ ಆಸ್ಪತ್ರೆಗೆ ಹೋಗಬೇಕಾಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ವಿಚಾರಣೆ ನಡೆಯಿತು, ತೀರ್ಪೂ ಸರಿಯಾಗಿಯೇ ಬಂತು. ಆದರೆ ಹಸಿವಿಗೆ ಹಿಂಬಾಕಿ ಎಂಬುದಿಲ್ಲ. ನೌಕರನಿಗೆ ನಿಂತ ಸಂಬಳ ಆರು ತಿಂಗಳ ಮೇಲೆ ಬಂದರೆ ನಷ್ಟ ತುಂಬಬಹುದು. ಕೂಳಿಗೇ ಗತಿಯಿಲ್ಲದವರಿಗೆ ಆರು ತಿಂಗಳ ಮೇಲೆ ಬಂದ ನ್ಯಾಯ ಕಳೆದ ಮನೆಯನ್ನು ತಂದುಕೊಡುವುದಿಲ್ಲ.

ಮೊಕದ್ದಮೆ ಶುರುವಾದ ಮೇಲೆ ನ್ಯೂಯಾರ್ಕ್ ನಗರ ಒಂದು ಹೆಜ್ಜೆ ಹಿಂದೆ ಸರಿಯಿತು. ಏಳು ದಿನ ಮೊದಲು ನೋಟಿಸು ಕೊಡುತ್ತೇವೆ, ನಿಮ್ಮ ಸಮಜಾಯಿಷಿಯನ್ನು ಬರೆದು ಕಳಿಸಿ, ಮೇಲಿನ ಅಧಿಕಾರಿ ನೋಡುತ್ತಾರೆ ಎಂದಿತು. ಸಾಕಲ್ಲವೇ? ಸಾಲದು ಎಂದಿತು ಸುಪ್ರೀಂ ಕೋರ್ಟು. 1970ರ ಮಾರ್ಚ್ 23ರಂದು ಬಂದ 'ಗೋಲ್ಡ್‌ಬರ್ಗ್ ವಿರುದ್ಧ ಕೆಲ್ಲಿ' ತೀರ್ಪು ಅದು. ಬಹುಮತದ ಪರವಾಗಿ ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್. ಅರ್ಹರಾದವರಿಗೆ ಈ ನೆರವು ಭಿಕ್ಷೆಯಲ್ಲ, ಆಸ್ತಿಯ ಹಾಗೆ ಒಂದು ಹಕ್ಕು. ಆದ್ದರಿಂದ ಕಿತ್ತುಕೊಳ್ಳುವ ಮೊದಲೇ ಕೇಳಬೇಕು ಎಂಬುದು ತೀರ್ಪಿನ ತಿರುಳು. ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚಾರ್ಲ್ಸ್ ರೈಖ್ 1964ರಲ್ಲಿ ಬರೆದ ಒಂದು ಲೇಖನದಲ್ಲಿ ಈ ವಾದಕ್ಕೆ ಬುನಾದಿ ಹಾಕಿದ್ದರು.

ಬರೆದು ಕಳಿಸಿದರೆ ಸಾಲದು ಎಂದದ್ದೇಕೆ? ನೆರವು ಪಡೆಯುವವರಲ್ಲಿ ಹೆಚ್ಚಿನವರಿಗೆ ತಮ್ಮ ಮಾತನ್ನು ಕಾಗದದ ಮೇಲೆ ಇಡುವಷ್ಟು ಓದು ಇರುವುದಿಲ್ಲ. ಅದಲ್ಲದೆ ಒಬ್ಬರು ನಿಜ ಹೇಳುತ್ತಿದ್ದಾರೋ ಇಲ್ಲವೋ ಎಂಬುದೇ ಪ್ರಶ್ನೆಯಾದಾಗ ಅವರ ಬಾಯಿಂದಲೇ ಕೇಳಬೇಕು. ರೇಡಿಯೋ ಕೇಳುವ ನಿಮಗೆ ಇದನ್ನು ವಿವರಿಸಬೇಕಿಲ್ಲ. ಬರಹದಲ್ಲಿ ಕಾಣದ್ದು ದನಿಯಲ್ಲಿ ಕೇಳುತ್ತದೆ.

ಈ ತೀರ್ಪು ವಿಚಾರಣಾಧಿಕಾರಿಯ ಕೆಲಸಕ್ಕೆ ಒಂದು ಅಚ್ಚುಕಟ್ಟು ಹಾಕಿಕೊಟ್ಟಿತು. ಕಾರಣ ತಿಳಿಸುವ ನೋಟಿಸು ಸಾಕಷ್ಟು ಮೊದಲೇ ಬರಬೇಕು. ಎದುರಿಗೆ ಬಂದು ಮಾತಾಡಲು ಅವಕಾಶ ಬೇಕು. ವಿರುದ್ಧ ಸಾಕ್ಷಿ ಹೇಳಿದವರನ್ನು ಪ್ರಶ್ನಿಸಲು ಬಿಡಬೇಕು. ವಕೀಲರನ್ನು ಕರೆತರಬಹುದು, ಆದರೆ ಸರ್ಕಾರ ತನ್ನ ಖರ್ಚಿನಲ್ಲಿ ಕೊಡಬೇಕಿಲ್ಲ. ತೀರ್ಮಾನ ವಿಚಾರಣೆಯಲ್ಲಿ ಬಂದ ಸಾಕ್ಷ್ಯ ಮತ್ತು ಕಾನೂನಿನ ಮೇಲೆ ಮಾತ್ರ ನಿಲ್ಲಬೇಕು, ಅದಕ್ಕೆ ಕಾರಣ ಕೊಡಬೇಕು. ಕೊನೆಯದಾಗಿ, ತೀರ್ಮಾನಿಸುವವರು ನಿಷ್ಪಕ್ಷಪಾತಿಗಳಾಗಿರಬೇಕು. ಅದೇ ಇಲಾಖೆಯವರಾಗಿದ್ದರೂ ನಡೆಯುತ್ತದೆ, ಆದರೆ ಮೊದಲು ಆ ನಿರ್ಧಾರ ಮಾಡುವುದರಲ್ಲಿ ಕೈ ಹಾಕಿದವರಾಗಿರಕೂಡದು.

ಎಲ್ಲರೂ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಮೂವರು ನ್ಯಾಯಮೂರ್ತಿಗಳು ಭಿನ್ನಮತ ಕೊಟ್ಟರು. ಅವರಲ್ಲಿ ಹ್ಯೂಗೋ ಬ್ಲ್ಯಾಕ್ ಅವರ ಎಚ್ಚರಿಕೆ ಯೋಚಿಸುವಂಥದ್ದು. ಒಮ್ಮೆ ಕೊಟ್ಟದ್ದನ್ನು ನಿಲ್ಲಿಸುವುದು ಕಷ್ಟವೆಂದಾದರೆ ಸರ್ಕಾರ ಕೊಡುವ ಮೊದಲೇ ಹತ್ತು ಸಲ ತನಿಖೆ ಮಾಡೀತು, ಆಗ ಹೊಸದಾಗಿ ಬರುವ ಬಡವರು ಬಾಗಿಲಲ್ಲೇ ಕಾಯಬೇಕಾದೀತು ಎಂಬುದು ಅವರ ವಾದ.

ಮೇಜಿನ ಹಿಂದೆ ಕೂತವರ ಕೆಲಸ

ಹಾಗಾದರೆ ಆ ಕುರ್ಚಿಯಲ್ಲಿ ಕೂತವರ ಕೆಲಸ ಹೇಗಿರುತ್ತದೆ? ನಾವು ಫುಡ್ ಸ್ಟಾಂಪ್ ಎಂದು ಕೇಳಿರುವ ಯೋಜನೆಯನ್ನೇ ತೆಗೆದುಕೊಳ್ಳಿ. 2008ರಿಂದ ಅದರ ಹೆಸರು ಸ್ನ್ಯಾಪ್. ನೆರವು ಇಳಿಸುವ ಅಥವಾ ನಿಲ್ಲಿಸುವ ಮೊದಲು ಸಾಮಾನ್ಯವಾಗಿ 10 ದಿನಗಳ ನೋಟಿಸು ಕೊಡಬೇಕು. ಒಪ್ಪದವರು 90 ದಿನಗಳೊಳಗೆ ವಿಚಾರಣೆ ಕೇಳಬಹುದು. ಅರ್ಜಿ ಬರೆಯಲೇಬೇಕೆಂದಿಲ್ಲ, ಬಾಯಿಮಾತಿನಲ್ಲಿ ಹೇಳಿದರೂ ಆಯಿತು. ನೋಟಿಸಿನ ಅವಧಿಯೊಳಗೇ ಕೇಳಿದರೆ ತೀರ್ಮಾನ ಬರುವವರೆಗೆ ಹಳೆಯ ನೆರವನ್ನು ಮುಂದುವರಿಸಿಕೊಳ್ಳಬಹುದು. ಆದರೆ ಸೋತರೆ ಆ ಹೆಚ್ಚುವರಿ ಹಣ ಸಾಲವಾಗಿ ತಲೆಯ ಮೇಲೆ ಕೂರುತ್ತದೆ. ರಾಜ್ಯ ಮಟ್ಟದ ವಿಚಾರಣೆಯಾದರೆ ಕೇಳಿದ 60 ದಿನಗಳೊಳಗೆ ತೀರ್ಮಾನ ಆಗಬೇಕು. ಅರ್ಜಿದಾರರು ತಮ್ಮ ಕಡತವನ್ನು ಮೊದಲೇ ನೋಡಬಹುದು. ವಕೀಲರು ಬೇಡವೆಂದರೆ ಸ್ನೇಹಿತರನ್ನೋ ನೆಂಟರನ್ನೋ ಜೊತೆಗೆ ಕರೆತರಬಹುದು.

ಇಂಥ ಜಗಳಗಳಲ್ಲಿ ವಿಷಯ ಬಹಳ ಸಲ ಚಿಕ್ಕದು. ಹಳೆಯ ವಿಳಾಸಕ್ಕೆ ಹೋದ ಪತ್ರ. ತಪ್ಪಿಹೋದ ಒಂದು ಸಂದರ್ಶನ. ಸಂಬಳದ ಚೀಟಿಯ ಲೆಕ್ಕದಲ್ಲಿ ಒಂದು ವಾರ ಹೆಚ್ಚು ಕಡಿಮೆ. ಮನೆಯಲ್ಲಿ ಎಷ್ಟು ಜನ ಒಟ್ಟಿಗೆ ಅಡುಗೆ ಮಾಡಿ ಉಣ್ಣುತ್ತಾರೆ ಎಂಬ ಪ್ರಶ್ನೆ. ಅಧಿಕಾರಿ ಎರಡೂ ಕಡೆಯವರಿಂದ ಪ್ರಮಾಣ ಮಾಡಿಸಿ, ಇಲಾಖೆಯನ್ನು ಕೇಳುತ್ತಾರೆ: ಯಾವ ನಿಯಮದ ಪ್ರಕಾರ ನಿಲ್ಲಿಸಿದಿರಿ, ತೋರಿಸಿ. ನೋಟಿಸು ಕಳಿಸಿದ್ದಕ್ಕೆ ದಾಖಲೆ ಎಲ್ಲಿದೆ? ಎಷ್ಟೋ ಕಡತಗಳು ಈ ಎರಡು ಪ್ರಶ್ನೆಗಳಿಗೇ ತಡವರಿಸುತ್ತವೆ.

ಆದರೆ ಈ ಅಧಿಕಾರಿಗೆ ಒಂದು ಕಟ್ಟು ಇದೆ. ನಿಯಮವನ್ನು ಅನ್ವಯಿಸಬಹುದೇ ಹೊರತು ಬದಲಾಯಿಸುವಂತಿಲ್ಲ. ಆದಾಯ ಮಿತಿಗಿಂತ ಒಂದೇ ಡಾಲರ್ ಹೆಚ್ಚಿದ್ದರೂ, ಎದುರಿಗೆ ಕೂತವರ ಕಷ್ಟ ಕಣ್ಣಿಗೆ ಕಾಣುತ್ತಿದ್ದರೂ, 'ಇಲಾಖೆ ಮಾಡಿದ್ದು ಸರಿ' ಎಂದೇ ಬರೆಯಬೇಕು. ಕರುಣೆಯಿಂದ ಗೆಲ್ಲಿಸಿದರೆ ಅದು ಮತ್ತೆ ದಾನವೇ ಆಗುತ್ತದೆ, ಹಕ್ಕಾಗುವುದಿಲ್ಲ. ಈ ಕುರ್ಚಿಯ ಅತಿ ಕಷ್ಟದ ಕೆಲಸ ಬಹುಶಃ ಇದೇ. ಆಗಲೂ ಆ ಅಧಿಕಾರಿ ಮಾಡಬಹುದಾದ ಒಂದು ಉಪಕಾರವಿದೆ: ಪೂರ್ತಿ ಕೇಳುವುದು, ಏಕೆ ಆಗುವುದಿಲ್ಲ ಎಂದು ಅರ್ಥವಾಗುವ ಭಾಷೆಯಲ್ಲಿ ಬರೆಯುವುದು.

ಕೇಳುವವರನ್ನೇ ಅಲುಗಾಡಿಸಿದ ವರ್ಷಗಳು

ಕೆಲ್ಲಿ ತೀರ್ಪಿನ ದಾರಿ ಮುಂದೆ ನೇರವಾಗಿ ಸಾಗಲಿಲ್ಲ. 1976ರಲ್ಲಿ 'ಮ್ಯಾಥ್ಯೂಸ್ ವಿರುದ್ಧ ಎಲ್ಡ್ರಿಜ್' ಮೊಕದ್ದಮೆ ಬಂತು. ವಿಷಯ, ಅಂಗವೈಕಲ್ಯದಿಂದ ದುಡಿಯಲಾರದವರಿಗೆ ಕೊಡುವ ವಿಮಾ ಭತ್ಯೆ. ಇಲ್ಲಿ ನಿರ್ಧಾರ ಹೆಚ್ಚಾಗಿ ವೈದ್ಯರ ವರದಿಗಳ ಮೇಲೆ ನಿಂತಿರುತ್ತದೆ, ಭತ್ಯೆ ಪಡೆಯುವವರೆಲ್ಲ ಕಡುಬಡವರೇ ಆಗಿರಬೇಕೆಂದಿಲ್ಲ, ಹಾಗಾಗಿ ನಿಲ್ಲಿಸಿದ ಮೇಲೆ ವಿಚಾರಣೆ ನಡೆದರೂ ಸಾಕು ಎಂದಿತು ಕೋರ್ಟು. ವ್ಯಕ್ತಿಗೆ ಆಗುವ ನಷ್ಟವೆಷ್ಟು, ತಪ್ಪಾಗುವ ಸಂಭವವೆಷ್ಟು, ಸರ್ಕಾರಕ್ಕೆ ಬೀಳುವ ಹೊರೆಯೆಷ್ಟು ಎಂದು ಮೂರನ್ನೂ ತೂಗುವ ತಕ್ಕಡಿ ಅಂದಿನಿಂದ ಬಳಕೆಗೆ ಬಂತು. ಬ್ರೆನ್ನನ್ ಒಪ್ಪಲಿಲ್ಲ. ಭತ್ಯೆ ನಿಂತು ಎಲ್ಡ್ರಿಜ್ ಮನೆ ಕಳೆದುಕೊಂಡದ್ದನ್ನು, ಪೀಠೋಪಕರಣವೂ ಹೋಗಿ ಸಂಸಾರವೆಲ್ಲ ಒಂದೇ ಹಾಸಿಗೆಯಲ್ಲಿ ಮಲಗಬೇಕಾದದ್ದನ್ನು ಅವರು ತಮ್ಮ ಭಿನ್ನಮತದಲ್ಲಿ ನೆನಪಿಸಿದರು.

ನಂತರ ಬಂದದ್ದು 1981. ಇದೇ ಭತ್ಯೆ ಪಡೆಯುವವರ ಕಡತಗಳನ್ನು ಅಧ್ಯಕ್ಷ ರೇಗನ್ ಸರ್ಕಾರ ಭರದಿಂದ ಮರುಪರಿಶೀಲನೆಗೆ ತೆಗೆದುಕೊಂಡಿತು. ಮೂರು ವರ್ಷಗಳಲ್ಲಿ ಸುಮಾರು 5 ಲಕ್ಷ ಜನರಿಗೆ ಭತ್ಯೆ ನಿಲ್ಲುತ್ತದೆ ಎಂದು ಹೇಳಲಾಯಿತು. ಮೇಲ್ಮನವಿ ಹಾಕಿ ಸುಮಾರು 2 ಲಕ್ಷ ಜನ ಮತ್ತೆ ಪಡೆದುಕೊಂಡರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಕೇಳುವ ಕುರ್ಚಿ ಏಕೆ ಬೇಕು ಎಂದು ತಿಳಿಯುತ್ತದೆ.

ಆ ಮೇಲ್ಮನವಿಗಳನ್ನು ಕೇಳಿದವರು 'ಆಡಳಿತ ನ್ಯಾಯಾಧೀಶರು' ಎಂಬ ಅಧಿಕಾರಿಗಳು. ಮೊದಲು ಅವರ ಹೆಸರು ಹಿಯರಿಂಗ್ ಎಕ್ಸಾಮಿನರ್ ಎಂದಿತ್ತು, 1972ರಲ್ಲಿ ಬದಲಾಯಿತು. ಈಗ ಇಲಾಖೆಯ ಕಣ್ಣು ಇವರ ಮೇಲೆಯೇ ಬಿತ್ತು. ಸೆನೆಟರ್ ಹೆನ್ರಿ ಬೆಲ್ಮನ್ ಹೆಸರಿನ 1980ರ ಒಂದು ತಿದ್ದುಪಡಿ, ಇವರ ತೀರ್ಪುಗಳನ್ನು ಇಲಾಖೆ ತಾನಾಗಿ ಪರಿಶೀಲಿಸಬೇಕು ಎಂದಿತ್ತು. ಇಲಾಖೆ ಆರಿಸಿಕೊಂಡದ್ದು ಯಾರನ್ನು? ಅರ್ಜಿದಾರರ ಪರವಾಗಿ ಹೆಚ್ಚು ತೀರ್ಪು ಕೊಟ್ಟವರನ್ನು! ಹೆಚ್ಚು ತಿರಸ್ಕರಿಸಿದವರ ಕಡೆ ಅದೇ ನೋಟ ಹರಿಯಲಿಲ್ಲ. ಆಗ ನ್ಯಾಯಾಧೀಶರ ಸಂಘವೇ ತನ್ನ ಇಲಾಖೆಯ ವಿರುದ್ಧ ಕೋರ್ಟಿಗೆ ಹೋಯಿತು. ಅಹವಾಲು ಕೇಳುವವರೇ ಅಹವಾಲು ಹೊತ್ತು ಹೋದ ಪ್ರಸಂಗವಿದು. 1984ರಲ್ಲಿ ಫೆಡರಲ್ ನ್ಯಾಯಾಧೀಶೆ ಜಾಯ್ಸ್ ಹೆನ್ಸ್ ಗ್ರೀನ್, ಇಲಾಖೆ ಅಷ್ಟರಲ್ಲಿ ತನ್ನ ಕ್ರಮ ಬದಲಿಸಿಕೊಂಡಿದ್ದರಿಂದ ತಡೆಯಾಜ್ಞೆ ಕೊಡಲಿಲ್ಲ. ಆದರೆ ಅಂಥ ಒತ್ತಡ ನ್ಯಾಯಾಧೀಶರ ಸ್ವಾತಂತ್ರ್ಯಕ್ಕೆ ಕುಂದು ತರಬಲ್ಲದು ಎಂಬುದನ್ನು ಒಪ್ಪಿದರು. ಅದೇ ವರ್ಷ ಮರುಪರಿಶೀಲನೆ ನಿಂತಿತು. ಅಕ್ಟೋಬರಿನಲ್ಲಿ ಬಂದ ಸುಧಾರಣಾ ಕಾಯ್ದೆಗೆ ಸಂಸತ್ತಿನ ಎರಡೂ ಸದನಗಳಲ್ಲಿ ಒಂದೂ ವಿರೋಧ ಮತ ಬೀಳಲಿಲ್ಲ.

ಅಂದ ಹಾಗೆ, ಕುರ್ಚಿಯನ್ನು ಇಲಾಖೆಯ ಸೂರಿನಿಂದ ಹೊರಗೆ ತರುವ ಪ್ರಯತ್ನವೂ ನಡೆದಿದೆ. ಕ್ಯಾಲಿಫೋರ್ನಿಯಾ 1945ರಲ್ಲೇ ವಿಚಾರಣೆಗೆಂದು ಪ್ರತ್ಯೇಕ ಕಚೇರಿ ತೆರೆಯಿತು, ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು. ಆದರೆ ಸಾರ್ವಜನಿಕ ನೆರವಿನ ಮೇಲ್ಮನವಿಗಳು ಹಲವು ಕಡೆ, ನ್ಯೂಯಾರ್ಕಿನಲ್ಲೂ, ಇನ್ನೂ ಇಲಾಖೆಯೊಳಗಿನ ಕಚೇರಿಯಲ್ಲೇ ನಡೆಯುತ್ತವೆ.

ನಮ್ಮಲ್ಲಿ

ನಮ್ಮ ದೇಶದಲ್ಲೂ ಈ ಪ್ರಶ್ನೆ ಎದ್ದಿದೆ. ಮುಂಬಯಿಯ ಕೇಳುಗರಿಗೆ 1981ರ ಮಳೆಗಾಲ ನೆನಪಿರಬಹುದು. ಫುಟ್‌ಪಾತಿನ ಜೋಪಡಿಗಳನ್ನು ಕಿತ್ತುಹಾಕಲು ಆಗ ಸರ್ಕಾರ ಹೊರಟಿತ್ತು. ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. ನೋಟಿಸಿಲ್ಲದೆ ತೆರವು ಮಾಡಬಹುದು ಎಂದು ಪಾಲಿಕೆಯ ಕಾಯ್ದೆಯಲ್ಲಿತ್ತು. ಮಾಡಬಹುದು ಎಂದರೆ ಮಾಡಲೇಬೇಕೆಂದಲ್ಲ, ಸಾಮಾನ್ಯವಾಗಿ ಮೊದಲು ಕೇಳಬೇಕು ಎಂದು 1985ರ ತೀರ್ಪು ಹೇಳಿತು. ಆದರೆ ಈ ಜನರ ಮಾತನ್ನು ನಾವೇ ಕೇಳಿದೆವಲ್ಲ ಎಂದು, ಮಳೆಗಾಲ ಮುಗಿಯುವವರೆಗೆ ಮಾತ್ರ ತೆರವನ್ನು ತಡೆಹಿಡಿಯಿತು. ತತ್ವ ಗೆದ್ದಿತು, ಜೋಪಡಿ ಉಳಿಯಲಿಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮೊದಲ ಮೇಲ್ಮನವಿ ಹೋಗುವುದು ಅದೇ ಸಂಸ್ಥೆಯ ಹಿರಿಯ ಅಧಿಕಾರಿಗೆ. ಮತ್ತೆ ಅದೇ ಸೂರು! 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಜಿಲ್ಲೆಗೂ ಒಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು ಎನ್ನುತ್ತದೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಹೋಗಬಹುದು. ನೀವಿರುವ ಜಿಲ್ಲೆಯಲ್ಲಿ ಅವರು ಎಲ್ಲಿ ಕೂರುತ್ತಾರೆ ಎಂದು ಒಮ್ಮೆ ವಿಚಾರಿಸಿ ಇಟ್ಟುಕೊಳ್ಳಿ. ನಿಮಗೆ ಬೇಕಾಗದಿರಬಹುದು, ನಿಮ್ಮ ಕಟ್ಟಡದ ಕಾವಲುಗಾರನಿಗೆ, ಮನೆಗೆಲಸಕ್ಕೆ ಬರುವಾಕೆಗೆ ಬೇಕಾಗಬಹುದು. ಅವರ ಹೆಸರು ಪಟ್ಟಿಯಿಂದ ಹೋದರೆ ಕೇಳಬೇಕಾದ ಪ್ರಶ್ನೆಗಳು ಇವು: ಯಾವ ತಾರೀಖಿಗೆ ತೆಗೆದಿರಿ, ಯಾವ ನಿಯಮದ ಪ್ರಕಾರ, ನೋಟಿಸು ಎಲ್ಲಿ? ಉತ್ತರವನ್ನು ಬರಹದಲ್ಲಿ ಕೇಳಿ.

ಕನ್ನಡದ ಎರಡು ಮಾತು ಹೇಳಿ ಮುಗಿಸುತ್ತೇನೆ. ಅಹವಾಲು ಎಂಬುದು ಅರಬ್ಬಿಯಿಂದ ಬಂದ ಪದ, ಮೂಲದಲ್ಲಿ ಅದರ ಅರ್ಥ ಸ್ಥಿತಿಗತಿಗಳು. ಅಂದರೆ ಅಹವಾಲು ಹೇಳಿಕೊಳ್ಳುವವರು ಬೇಡುತ್ತಿಲ್ಲ, ತಮ್ಮ ಸ್ಥಿತಿ ಹೀಗಿದೆ ಎಂದು ತಿಳಿಸುತ್ತಿದ್ದಾರೆ. ಇನ್ನು ನಾವು ವಿಚಾರಣೆ ಎಂದು ಕೋರ್ಟಿನಲ್ಲಿ ಅನ್ನುತ್ತೇವೆ. ಊರಿಂದ ಬಂದವರನ್ನು ಕೂರಿಸಿ, ನೀರು ಕೊಟ್ಟು, ಯೋಗಕ್ಷೇಮ ವಿಚಾರಿಸುವುದಕ್ಕೂ ಅದೇ ಪದ. ಸರ್ಕಾರಿ ಮೇಜಿನ ಹಿಂದಿನ ಕುರ್ಚಿಗೆ ಈ ಎರಡನೆಯ ಅರ್ಥವೂ ಸ್ವಲ್ಪ ಗೊತ್ತಿದ್ದರೆ ಸಾಕು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಕೇಳುತ್ತಿರಿ.